ಕಿವಿಗೆ ಕೋಲಿಟ್ಟ ಅಂಕಲ್

ಅಂಕಲ್ ಅವರ ಬಲಗಿವಿಯ ಹಿಂದೆ, ಎಲುಬು ಕೊಂಚ ಉಬ್ಬಿರುವ ಜಾಗದಲ್ಲಿ, ನಾಣ್ಯದಷ್ಟು ಅಗಲದ ಕಪ್ಪು ಕಲೆಯೊಂದಿತ್ತು. ಯಾರೋ ಕೆನ್ನೆಗಿಟ್ಟ ದೃಷ್ಟಿಬೊಟ್ಟು ಜರುಗಿ ಜರುಗಿ ಅಲ್ಲಿ ಹೋಗಿ ಅಡಗಿ ಕುಳಿತಂತೆ. ಅದು ಗ್ರೀಸು. ಭಾನುವಾರ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ತಲೆ ನುಣ್ಣಗೆ ಬಾಚಿಕೊಂಡು ಇಗರ್ಜಿಗೆ ಹೊರಟಾಗಲೂ ಅದು ಅಲ್ಲೇ ಇರುತ್ತಿತ್ತು. ಪರ್ತ್‌ನ ಥಾರ್ನ್ಲಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ತಗಡಿನ ಬೇಲಿಯಷ್ಟೇ. ಆ ಬೇಲಿಯ ಮೇಲಿಂದ ನಾನು ವಾರವಾರವೂ ನೋಡುತ್ತಿದ್ದುದು ಇಷ್ಟು: ಅಂಕಲ್ ಕಾರಿನ ಬಾಗಿಲ ಬಳಿ ತಲೆ ಬಗ್ಗಿಸಿ ನಿಂತಿದ್ದಾರೆ, ಆಂಟಿ ಕರ್ಚೀಫಿನ ತುದಿ ಒದ್ದೆ ಮಾಡಿ ಅವರ ಕಿವಿಯ ಹಿಂದೆ ಉಜ್ಜುತ್ತಿದ್ದಾರೆ.

"ಹೋಗುದಿಲ್ಲ ಇದು. ಇವರನ್ನು ಪೆಟ್ಟಿಗೆಯಲ್ಲಿ ಮಲಗಿಸುವಾಗಲೂ ಹೀಗೇ ಇರ್ತದೆ, ನೋಡ್ತಾ ಇರು," ಎಂದು ಆಂಟಿ ನನಗೆ ಕೇಳಿಸುವಂತೆ ಹೇಳುತ್ತಿದ್ದರು.

"ಇರ್ಲಿ ಬಿಡು. ಮೇಲೆ ಬಾಗಿಲು ಕಾಯುವ ಸಂತ ಪೇತ್ರರಿಗೆ ಗುರುತು ಸಿಗ್ತದೆ," ಎನ್ನುತ್ತಿದ್ದರು ಅಂಕಲ್.

ಕಲೆಗೆ ಕಾರಣ ಒಂದು ಕೋಲು. ಆಂಟಿಯ ಪೊರಕೆಯಿಂದ ಕತ್ತರಿಸಿಕೊಂಡ ಮೊಳದುದ್ದದ ಮರದ ಹಿಡಿ. ಅದರ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೈಗೆ ಒತ್ತಿ, ಇನ್ನೊಂದನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಅವರು ಕಾರ್ಕಳದ ಕಡೆಯವರು. ಗಲ್ಫಿನಲ್ಲಿ ಬಿಸ್ಕತ್ತಿನ ಕಂಪನಿಯೊಂದರ ಆಫೀಸಿನಲ್ಲಿದ್ದುಕೊಂಡು ಅಲ್ಲಿಯ ಇಗರ್ಜಿಯ ಹಾಡಿನ ತಂಡ, ಕೊಯರ್, ನಡೆಸಿದವರು. ಪರ್ತ್‌ಗೆ ಬಂದು ಹಾಟ್ ರಾಡ್ ಕ್ಲಬ್ ಸೇರಿದ ಮೇಲೂ ಅವರ ಮಟ್ಟಿಗೆ ಕೆಲಸ ಬದಲಾಗಲಿಲ್ಲ.

"ಎಂಟು ಸಿಲಿಂಡರ್ ಅಂದ್ರೆ ಎಂಟು ಜನ ಹಾಡುವವರು ಮಾರಾಯ. ಅದರಲ್ಲಿ ಒಬ್ಬ ಕಳ್ಳ ಇದ್ದೇ ಇರ್ತಾನೆ. ಬಾಯಿ ಅಲ್ಲಾಡಿಸ್ತಾನೆ, ಹಾಡುದಿಲ್ಲ. ಅವನನ್ನು ಹಿಡೀಬೇಕು."

ಹಾಟ್ ರಾಡ್ ಎಂದರೆ ಅಜ್ಜನ ಕಾಲದ ಕಾರಿನ ಚಿಪ್ಪಿಗೆ ಮೊಮ್ಮಗನ ಕಾಲದ ಎಂಜಿನ್ ಕೂರಿಸಿ, ಬೀದಿಯವರೆಲ್ಲ ಕಿಟಕಿ ತೆರೆದು ಬಯ್ಯುವಂತೆ ಗುಡುಗಿಸುವುದು. ನಮ್ಮ ಕ್ಲಬ್ಬಿನವರ ಲಕ್ಷಣ ಮೂರು: ಗಡ್ಡ, ಹಚ್ಚೆ, ಹೊಟ್ಟೆ. ಮೂರೂ ಇಲ್ಲದೆ ಸೇರಿದವರು ಅಂಕಲ್ ಮತ್ತು ನಾನು. ನನಗೆ ಹೊಟ್ಟೆ ಆಮೇಲೆ ಬಂತು.

ನಾನು ಸೇರಿದ್ದೂ ಅವರಿಂದಲೇ. ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್ ನಾನು. ಬಾಯಲ್ಲಿ ಡ್ರಿಲ್ಲಿನ ಸದ್ದು ಮಾಡಿ ಕಾಯುತ್ತಿದ್ದವರನ್ನು ಮನೆಗೆ ಓಡಿಸಿದ ಕೀರ್ತಿ ನನ್ನದು. ಹತ್ತಿರದ ವಿಲೆಟನ್ನಿನ ಸಭಾಂಗಣದಲ್ಲಿ ಕನ್ನಡದವರ ಪಾಟ್‌ಲಕ್ ಊಟ ಇದ್ದಾಗ ಮೈಕ್ ಹಿಡಿದು ಅಲ್ಲಿದ್ದ ಡಾಕ್ಟರ್ ಅಂಕಲ್‌ಗಳನ್ನೆಲ್ಲ ಒಬ್ಬೊಬ್ಬರಾಗಿ ಅನುಕರಿಸಿ, ಕೊನೆಗೆ ನಮ್ಮ ಪಕ್ಕದ ಮನೆಯ ಅಂಕಲ್ ಬೆಳಿಗ್ಗೆ ಕಾರು ಹೊರಡಿಸುವುದನ್ನು ಮಾಡಿ ತೋರಿಸಿದೆ. ಹಾಲ್ ಬಿದ್ದು ಬಿದ್ದು ನಕ್ಕಿತು. ಅಂಕಲ್ ನಗಲಿಲ್ಲ. ಊಟದ ಸಾಲಿನಲ್ಲಿ ನನ್ನ ತಟ್ಟೆಗೆ ತಟ್ಟೆ ತಾಗಿಸಿ ನಿಂತರು.

"ನನ್ನ ಕಾರು ಮತ್ತೊಮ್ಮೆ ಮಾಡು."

ಮಾಡಿದೆ. ಕೈಯಲ್ಲಿ ಬಿಸಿಬೇಳೆಬಾತ್, ಬಾಯಲ್ಲಿ ಎಂಜಿನ್.

"ನಡುವಲ್ಲಿ ಒಂದು ಕೆಮ್ಮು ಹಾಕಿದಿ ಅಲ್ಲ, ಅದು ನನ್ನ ಕಾರಿಗೆ ಇಲ್ಲ."

"ಇದೆ ಅಂಕಲ್. ದಿನಾ ಅದನ್ನ ಕೇಳ್ಕೊಂಡೇ ನಾನು ಏಳೋದು."

ಮುಂದಿನ ವಾರ ಬೇಲಿಯ ಮೇಲೆ ಅವರ ತಲೆ ಮೂಡಿತು. "ಉಂಟು ಮಾರಾಯ, ಕೆಮ್ಮು ಉಂಟು. ನನಗೆ ಅಭ್ಯಾಸ ಆಗಿ ಕೇಳ್ತಿರ್ಲಿಲ್ಲ. ಸಂಜೆ ಶೆಡ್ಡಿಗೆ ಬಾ."

ಕ್ಲಬ್ಬಿನ ಶೆಡ್ಡು ಎಂದರೆ ಪ್ರೆಸಿಡೆಂಟನ ಹಿತ್ತಿಲು. ಪ್ರೆಸಿಡೆಂಟ್ ಕೆಂಪು ಗಡ್ಡದ ಆಸ್ಟ್ರೇಲಿಯನ್ ದೈತ್ಯ; ನಲ್ಲಿ ರಿಪೇರಿ ಅವನ ಕಸುಬು. ಎಲ್ಲರೂ ಸೇರಿ ಒಂದೊಂದೇ ಹಳೆಯ ಗಾಡಿ ಕಟ್ಟುತ್ತಿದ್ದರು. ಅದು ಮೊದಲ ಬಾರಿ ಉಸಿರಾಡುವ ದಿನ ಒಂದು ವ್ರತ. ಕೀ ತಿರುಗಿಸಿದ ಮೇಲೆ ಯಾರೂ ಮಾತಾಡುವಂತಿಲ್ಲ, ಬಿಯರ್ ಡಬ್ಬಿ ತೆರೆಯುವಂತಿಲ್ಲ. ಅಂಕಲ್ ಕೋಲಿಟ್ಟು ಕೇಳಿ, ಕಣ್ಣು ತೆರೆದು, ಕನ್ನಡದಲ್ಲೇ "ಆಯ್ತು" ಎನ್ನಬೇಕು. ಆಗಷ್ಟೇ ಚಪ್ಪಾಳೆ. ಆ ಮಾತು ಬೀಳದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಗಡ್ಡದವರೆಲ್ಲ ಬೇರೆ ಕನ್ನಡ ಒಂದಕ್ಷರ ಕಲಿಯದೆ ಇದೊಂದನ್ನು ಕಲಿತಿದ್ದರು. ಅಂಕಲ್ ತಡ ಮಾಡಿದರೆ ಪ್ರೆಸಿಡೆಂಟ್ ಮಗುವಿನಂತೆ ಪಿಸುಗುಟ್ಟುತ್ತಿದ್ದ: "ಐಟೂ?"

ಅಂಕಲ್ ಕಿವಿಯೂ ತಪ್ಪುತ್ತಿತ್ತು. ನಾವು ಕಟ್ಟಿದ ಗಾಡಿಗಳಲ್ಲಿ ಒಂದು ಟ್ರಕ್ಕು, ರೈತನೊಬ್ಬ ಕೋಳಿಗೂಡು ಮಾಡಿಕೊಂಡಿದ್ದದ್ದು. ಸೀಟಿನ ಸ್ಪ್ರಿಂಗುಗಳ ನಡುವೆ ಮೊಟ್ಟೆ ಸಿಕ್ಕಿತ್ತು. ಅದಕ್ಕೆ ಹಸಿರು ಬಣ್ಣ ಬಳಿದು, ಗುಡುಗುವಂತೆ ಮಾಡಿ, ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ ಹಳೆಗಾಡಿಗಳವರು ಸೇರುವ ದಿನಕ್ಕೆಂದು ಸಾಲಾಗಿ ಹೊರಟೆವು. ಮರವಿಲ್ಲದ ಬಯಲಿನಲ್ಲಿ ದಿನಗಟ್ಟಲೆ ಒಂದೇ ರಸ್ತೆ. ಅಲ್ಲೆಲ್ಲೋ ಅಂಕಲ್ ಕೈ ಎತ್ತಿ ಟ್ರಕ್ಕು ನಿಲ್ಲಿಸಿದರು. ಯಾವುದೋ ಬೇರಿಂಗ್ ಅಳುತ್ತಿದೆಯಂತೆ. ಒಂದು ಸರ್ವೋ, ಎಂದರೆ ಇಲ್ಲಿಯವರ ಪೆಟ್ರೋಲ್ ಬಂಕು, ಹುಡುಕಿ ಪಂಪಿನ ಪಕ್ಕ ಇಡೀ ಮಧ್ಯಾಹ್ನ ನಿಂತೆವು. ಅಂಕಲ್ ಟ್ರಕ್ಕಿನಡಿ ಮಲಗಿ ಕೋಲಿಡದ ಜಾಗವಿಲ್ಲ. ನಿಂತಾಗ ಸದ್ದಿಲ್ಲ, ಓಡಿದರೆ ಕೀಂಯ್ ಕೀಂಯ್.

ಕೊನೆಗೆ ನಾನು ಸೀಟಿನ ಹಿಂದೆ ಕೈ ಹಾಕಿದೆ. ಅಲ್ಲಿದ್ದದ್ದು ಆಂಟಿ ಕಟ್ಟಿಕೊಟ್ಟ ಕೋರಿ ರೊಟ್ಟಿಯ ತಗಡಿನ ಡಬ್ಬಿ. ಅದರ ಮುಚ್ಚಳ ಸೀಟಿನ ಕಬ್ಬಿಣಕ್ಕೆ ಉಜ್ಜುತ್ತಿತ್ತು. ಡಬ್ಬಿ ಅಲ್ಲಾಡಿಸಿ ತೋರಿಸಿದೆ. ಕೀಂಯ್ ಎಂದಿತು.

ಅಂಕಲ್ ಮಲಗಿದ್ದಲ್ಲಿಂದಲೇ ಅದನ್ನು ನೋಡಿದರು. "ಎಂಜಿನ್ ಆರೋಗ್ಯ ಉಂಟು. ಅಳುದು ನನ್ನ ಊಟ," ಎಂದು ಎದ್ದು, ಡಬ್ಬಿ ತೆರೆದು ಎಲ್ಲರಿಗೂ ಹಂಚಿದರು. ಗಡ್ಡದವರು ಆ ಗರಿಗರಿ ರೊಟ್ಟಿಯನ್ನು ಬಾರ್ಬೆಕ್ಯೂ ಸಾಸಿನಲ್ಲಿ ಅದ್ದಿ ಮುಗಿಸಿದರು. ಅಲ್ಲಿಂದ ಮುಂದೆ ಪ್ರತಿ ಬಾರ್ಬಿಯಲ್ಲೂ, ಎಂದರೆ ಬಾರ್ಬೆಕ್ಯೂ ಕೂಟದಲ್ಲೂ, ನನ್ನ ಮೊದಲ ಐಟಂ ಅದೇ: ಅಂಕಲ್ ಡಬ್ಬಿಗೆ ಕೋಲಿಟ್ಟು ಕೇಳುವುದು. ಅವರ ಧ್ವನಿ, ಮೂಗಿನ ಉಸಿರು, ಆ "ಮಾರಾಯ", ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ. ಒಮ್ಮೆ ಮಾತ್ರ ಪಕ್ಕಕ್ಕೆ ಕರೆದು ಹೇಳಿದರು: "ಜನ ನಿನ್ನ ಬಾಯಿಗೆ ನಗ್ತಾರೆ. ನೀನು ಬಾಯಿಂದ ಮಾಡುದಲ್ಲ, ಕಿವಿಯಿಂದ ಮಾಡುದು. ಅದನ್ನು ಚೆಂದ ಇಟ್ಕೋ." ನನ್ನನ್ನು ಅದುವರೆಗೆ ಯಾರೂ ಕೋಡಂಗಿ ಎನ್ನುವುದಕ್ಕಿಂತ ಹೆಚ್ಚಿನದೇನನ್ನೂ ಅಂದಿರಲಿಲ್ಲ.

ಕೊನೆಯ ಗಾಡಿ ಎರಡು ಬಾಗಿಲಿನ ಒಂದು ಕೂಪೆ. ಎಂಜಿನ್ನಿನ ಒಂದೊಂದು ಬೋಲ್ಟನ್ನೂ ಅಂಕಲ್ ತಾವೇ ಬಿಗಿದರು. ಅದು ಮುಗಿಯುತ್ತ ಬಂದಾಗ ಅವರಿಗೆ ರಕ್ತದ ಕಾಯಿಲೆ ಕಾಣಿಸಿತು. ಡಾಕ್ಟರಾಗಿರುವ ಮಗಳು ಬ್ರಿಸ್ಬೇನಿನಲ್ಲಿ. ಚಿಕಿತ್ಸೆಗೆ ಅಲ್ಲಿಗೆ ಹೊರಟರು. ಕೋಲನ್ನು ಕೂಪೆಯ ಸೀಟಿನ ಮೇಲಿಟ್ಟು, "ನಾನು ಬರುವವರೆಗೆ ಕೀ ಮುಟ್ಬೇಡಿ. ಇದರ ಆಯ್ತು ನಾನೇ ಹೇಳ್ಬೇಕು," ಎಂದರು. ನಾವು ಮುಟ್ಟಲಿಲ್ಲ. ತಿಂಗಳುಗಳು ಹೋದವು. ಒಂದು ಬೆಳಿಗ್ಗೆ ಅವರದೇ ಫೋನು ಬಂತು.

"ಸ್ಟಾರ್ಟ್ ಮಾಡಿ ಮಾರಾಯ. ನನಗೆ ಕೇಳ್ಬೇಕು."

ಅವರು ಯಾಕೆ ಮನಸ್ಸು ಬದಲಾಯಿಸಿದರೆಂದು ನಾನು ಕೇಳಲಿಲ್ಲ. ಫೋನು ಹಿಡಿದುಕೊಂಡೇ ಶೆಡ್ಡಿಗೆ ಓಡಿದೆ.

ಪ್ರೆಸಿಡೆಂಟ್ ಕೀ ತಿರುಗಿಸಿದ. ಕೂಪೆ ಎದ್ದಿತು, ಆದರೆ ಒಳಗಿನಿಂದ ಟಕ್ ಟಕ್ ಎಂದು ಯಾರೋ ಬಾಗಿಲು ಬಡಿದಂತೆ ಸದ್ದು. ಪ್ರೆಸಿಡೆಂಟ್ ಮುಖ ಸಣ್ಣದು ಮಾಡಿ ಎಂಜಿನ್ ಆರಿಸಿದ. ಪೂರ್ತಿ ಬಿಚ್ಚಬೇಕು, ವಾರಗಟ್ಟಲೆ ಕೆಲಸ ಎಂದ. ಅಂಕಲ್ ಬಳಿ ಎಷ್ಟು ವಾರಗಳಿದ್ದವೋ ನಮಗೆ ಗೊತ್ತಿರಲಿಲ್ಲ. ಫೋನನ್ನು ಎಂಜಿನ್ನಿಗೆ ಹಿಡಿದರೆ ಆ ಕಡೆಗೆ ಏನೂ ಕೇಳಿಸುತ್ತಿರಲಿಲ್ಲ. ಈಗಿನ ಫೋನುಗಳು ಅತಿಜಾಣ. ಮನುಷ್ಯರ ಮಾತು ಬಿಟ್ಟು ಉಳಿದದ್ದೆಲ್ಲ ಗದ್ದಲವೆಂದು ನುಂಗಿಬಿಡುತ್ತವೆ.

"ನೀನು ಮಾಡು," ಎಂದರು ಅಂಕಲ್.

ಎಂಜಿನ್ ಮತ್ತೆ ಹೊರಡಿಸಿ, ಕೋಲು ಕಿವಿಗಿಟ್ಟುಕೊಂಡು ಒಮ್ಮೆ ಕೇಳಿದೆ. ಆಮೇಲೆ ಅಂಗಳಕ್ಕೆ ಹೋಗಿ, ಫೋನನ್ನು ಬಾಯಿಗಿಟ್ಟು ಕೂಪೆಯಾದೆ. ಪಕ್ಕದ ಮನೆಯ ನಾಯಿ ಬೊಗಳಿತು.

"ನಿಧಾನ. ಮತ್ತೊಮ್ಮೆ." ಮಾಡಿದೆ. "ಟಕ್‌ನ ಬಾಲದಲ್ಲಿ ಒಂದು ಫುಸ್ ಉಂಟಲ್ಲ?"

"ಇಲ್ಲ ಅಂಕಲ್. ಟಕ್ ಅಷ್ಟೇ."

"ನೀನು ಮಾಡ್ತಾ ಇದ್ದಿ. ಟಫ್, ಟಫ್. ನಿನ್ನ ಬಾಯಿಗೆ ಗೊತ್ತಾಗಿದೆ, ನಿನಗೆ ಗೊತ್ತಾಗ್ಲಿಲ್ಲ. ಎಂಜಿನ್ ಬಿಸಿ ಆದ ಮೇಲೆ ಹೇಗುಂಟು ನೋಡಿ ಬಾ."

ಬಿಸಿಯಾಗುತ್ತ ಸದ್ದು ಸಣ್ಣಗಾಗುತ್ತಿತ್ತು. ಅದನ್ನೂ ಮಾಡಿದೆ.

"ಬಿಚ್ಚುದು ಬೇಡ. ಹೊಗೆ ಹೋಗುವ ಪೈಪು ಎಂಜಿನ್ನಿಗೆ ಸೇರುವಲ್ಲಿ ಗ್ಯಾಸ್ಕೆಟ್ ಸರಿ ಕೂತಿಲ್ಲ. ಅಲ್ಲಿಂದ ಗಾಳಿ ಹೊಡೀತದೆ. ಬಿಗಿದದ್ದು ನಾನೇ. ಕೈಯಲ್ಲಿ ಆಗ್ಲೇ ಬಲ ಇರ್ಲಿಲ್ಲ ಕಾಣ್ತದೆ."

ಹೊಸ ಗ್ಯಾಸ್ಕೆಟ್ ಕೂರಿಸಿ ಮರುದಿನ ಮತ್ತೆ ಫೋನು ಮಾಡಿದೆವು. ಕೂಪೆ ಈಗ ಎಂಟು ಕೊರಳಿನಲ್ಲಿ ಹಾಡುತ್ತಿತ್ತು. ನಾನು ಉಸಿರು ಮುಗಿಯುವವರೆಗೂ ಮಾಡಿದೆ. ಖುಷಿಗೆ ಒಂದು ಚೂರು ಗುಡುಗು ಹೆಚ್ಚಿಗೆ ಸೇರಿತು.

"ಸುಳ್ಳು ಹಾಕ್ಬೇಡ. ಇದ್ದ ಹಾಗೆ ಮಾಡು."

ಇದ್ದ ಹಾಗೆ ಮಾಡಿದೆ. ನನ್ನ ಹಿಂದೆ ಗಡ್ಡದವರೆಲ್ಲ ಉಸಿರು ಹಿಡಿದು ನಿಂತಿದ್ದರು. ಪ್ರೆಸಿಡೆಂಟ್ ನನ್ನ ಭುಜದ ಮೇಲಿಂದ ಬಗ್ಗಿ ಫೋನಿಗೆ ಪಿಸುಗುಟ್ಟಿದ: "ಐಟೂ?"

ಅಂಕಲ್ ನಕ್ಕದ್ದು ಕೇಳಿಸಿತು. "ಅವನಿಗೆ ಹೇಳು, ನಿನ್ನ ಬಾಯಿ ಸದ್ದಿಗೆಲ್ಲ ನಾನು ಆಯ್ತು ಹೇಳುವವನಲ್ಲ. ಕೋಲಿಟ್ಟು ಹೇಳ್ಬೇಕು. ಬರ್ತೇನೆ."

"ಬೇಗ ಬಂದ್ಬಿಡಿ ಅಂಕಲ್. ಇವ್ರು ಬಿಯರ್ ತೆಗೆಯೋ ಹಾಗಿಲ್ಲ, ಒಣಗಿ ಹೋಗ್ತಿದ್ದಾರೆ."

"ಸ್ವಲ್ಪ ಒಣಗ್ಲಿ. ಹೊಟ್ಟೆ ಇಳೀತದೆ."

ಅವರು ಬರಲಿಲ್ಲ. ಪ್ರೆಸಿಡೆಂಟ್ ಮತ್ತು ನಾನು ಬ್ರಿಸ್ಬೇನಿಗೆ ಹೋದೆವು. ಇಗರ್ಜಿಯಲ್ಲಿ ತೆರೆದ ಪೆಟ್ಟಿಗೆಯ ಬಳಿ ಆಂಟಿ ನನ್ನ ತೋಳು ಹಿಡಿದು ಬಗ್ಗಿಸಿ ಅವರ ಬಲಗಿವಿಯ ಹಿಂಭಾಗ ತೋರಿಸಿದರು. ಚರ್ಮ ಮಗುವಿನದರಂತೆ ತಿಳಿಯಾಗಿತ್ತು.

"ನೋಡು, ಹೋಗಿದೆ. ನರ್ಸುಗಳು ದಿನಾ ಮೈ ಒರೆಸಿ ಒರೆಸಿ ತೆಗೆದುಬಿಟ್ಟಿದ್ದಾರೆ," ಎಂದರು. ದೂರು ಕೊಡುವವರ ದನಿ ಅದು.

ಕೂಪೆ ಶೆಡ್ಡಿನಲ್ಲೇ ಇತ್ತು. ಅದನ್ನು ಹೊರತೆಗೆಯೋಣ ಎಂದು ಒಬ್ಬರೂ ಅನ್ನಲಿಲ್ಲ. ಥಾರ್ನ್ಲಿಯ ಮನೆ ಖಾಲಿ ಮಾಡಲು ಆಂಟಿ ಬಂದಾಗ ವಿಷಯ ತಿಳಿದು, ಸೀದಾ ಶೆಡ್ಡಿಗೆ ಬಂದು ಕುರ್ಚಿ ಹಾಕಿಸಿಕೊಂಡು ಕುಳಿತರು. ಇಷ್ಟು ವರ್ಷ ಆ ಗದ್ದಲಕ್ಕೆ ಬಯ್ದವರು.

"ಸ್ಟಾರ್ಟ್ ಮಾಡ್ಲಿಕ್ಕೆ ಹೇಳು. ಆಯ್ತು ನೀನು ಹೇಳು. ಅವರ ಸ್ವರ ನಿನಗೆ ಬರ್ತದಲ್ಲ."

ಬರುತ್ತಿತ್ತು. ನೂರು ಬಾರ್ಬಿಗಳಲ್ಲಿ ಬಂದಿತ್ತು. ಪ್ರೆಸಿಡೆಂಟ್ ಕೀ ತಿರುಗಿಸಿದ. ಕೋಲನ್ನು ಎಂಜಿನ್ನಿಗೆ ಒತ್ತಿ ಕಿವಿಯ ಹಿಂದೆ ಆನಿಸಿಕೊಂಡು ಕಣ್ಣು ಮುಚ್ಚಿದೆ. ಎಂಟು ಜನ, ಒಬ್ಬ ಕಳ್ಳನೂ ಇಲ್ಲ. ಎಲ್ಲ ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಕೇಳಿ, ಆಮೇಲೂ ಕೇಳಿದೆ. ಬಾಯಿ ತೆರೆದಾಗ ಅವರ ದಪ್ಪ ಸ್ವರ ಬರಲಿಲ್ಲ. ಫೋನೆತ್ತಿ ಅಪಾಯಿಂಟ್‌ಮೆಂಟ್ ಕೊಡುವ ನನ್ನದೇ ಸಪೂರ ಸ್ವರ ಬಂತು.

"ಆಯ್ತು."

ಚಪ್ಪಾಳೆ ಬಿತ್ತು. ಡಬ್ಬಿಗಳು ಚುಸ್ ಎಂದು ತೆರೆದುಕೊಂಡವು. ಪ್ರೆಸಿಡೆಂಟ್ ಗಡ್ಡ ಒರೆಸಿಕೊಳ್ಳುತ್ತ ಕೂಪೆಯನ್ನು ಬೀದಿಗಿಳಿಸಿದ.

"ಅವರ ಹಾಗೆ ಬರ್ಲಿಲ್ಲ," ಎಂದರು ಆಂಟಿ.

"ಇಲ್ಲ ಆಂಟಿ."

"ಇಲ್ಲಿ ಬಾ." ನನ್ನ ತಲೆ ಬಗ್ಗಿಸಿ ಬಲಗಿವಿಯ ಹಿಂದೆ ಅಂಟಿದ್ದ ಗ್ರೀಸು ನೋಡಿದರು. ಬ್ಯಾಗಿನಿಂದ ಕರ್ಚೀಫು ತೆಗೆದು ಅದರ ತುದಿ ಒದ್ದೆ ಮಾಡಿದರು. ನಾನು ಕಾಯುತ್ತ ನಿಂತೆ. ಅವರು ಅದನ್ನು ಹಾಗೇ ಮಡಿಸಿ ಬ್ಯಾಗಿಗೆ ಹಾಕಿಕೊಂಡರು.