ಅಡ್ಡ ಹೊಡೆದ ದಬ್ಬೆ

ಗೆಳೆಯರೇ, ನನ್ನ ಏಳು ಕೋಳಿಗಳೂ ಈಗ ಪಕ್ಕದ ಮನೆ ಸರೋಜಕ್ಕನ ಗೂಡಿನಲ್ಲಿವೆ.

ಕಾಡುಬೆಕ್ಕಿನ ಕಾಟಕ್ಕೆ ಆಕೆ ಕಳೆದ ವಾರ ಎನ್.ಆರ್.ಪುರದಿಂದ ಕಬ್ಬಿಣದ ಜಾಲರಿ ತಂದು ಗೂಡು ಕಟ್ಟಿಸಿದಳು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಅದನ್ನು ಹೊಗಳುವುದು ಕೇಳಿ ಕೇಳಿ ನನಗೆ ಅನ್ನ ಸೇರುತ್ತಿರಲಿಲ್ಲ. ಇವತ್ತು ಹಟ ಹಿಡಿದು ನಾನೂ ಅಡಿಕೆ ಮರ ಸೀಳಿದ ದಬ್ಬೆಗಳಿಂದ ಬೇಲಿ ಕಟ್ಟಿದೆ. ಎಲ್ಲರೂ ದಬ್ಬೆಯನ್ನು ಉದ್ದಕ್ಕೆ ನಿಲ್ಲಿಸುತ್ತಾರೆ. ರಸ್ತೆಯಿಂದ ನೋಡಿದರೆ ಅವಳದ್ದಕ್ಕಿಂತ ಚಂದ ಕಾಣಲಿ ಎಂದು ನಾನು ಅಡ್ಡಡ್ಡ ಹೊಡೆದೆ.

ಸಂಜೆ ದೊಡ್ಡ ಹೇಂಟೆ ಒಂದೊಂದೇ ದಬ್ಬೆ ಹತ್ತಿ ಆಚೆ ಹಾರಿತು. ಉಳಿದವೂ ಅದರ ಹಿಂದೆಯೇ ಹೋದವು. ಸರೋಜಕ್ಕ ತನ್ನ ಕೋಳಿಗಳಿಗೆ ಬಾಗಿಲು ತೆಗೆದಿದ್ದಳು, ಇವೂ ಒಳಗೆ ನುಗ್ಗಿದವು.

"ಎಂತ ಮಾರಾಯ್ತಿ, ಕೋಳಿಗೆ ಏಣಿ ಮಾಡಿ ಕೊಟ್ಟಿದೀಯಲ್ಲೇ!" ಎಂದು ಗೂಡಿನ ಬಾಗಿಲು ಹಾಕಿ ನಕ್ಕಳು.

"ಬಾಗ್ಲು ತೆಗಿ ಅಕ್ಕ, ಹಿಡ್ಕೊಂಡು ಹೋಗ್ತೀನಿ."

"ಇವತ್ತು ಇಲ್ಲೇ ಇರ್ಲಿ ಬಿಡು. ಆ ಏಣಿ ಕಾಡುಬೆಕ್ಕಿಗೂ ಆಗ್ತದೆ."

ಆ ಗೂಡಿನ ಮೇಲೆ ಹೊಟ್ಟೆಕಿಚ್ಚು ನನಗೊಬ್ಬಳಿಗೇ ಎಂದುಕೊಂಡಿದ್ದೆ. ನನ್ನ ಕೋಳಿಗಳಿಗೂ ಇತ್ತು. ಆದರೆ ಅವು ನನ್ನಂತೆ ಹೊರಗೆ ನಿಂತು ಕರುಬಲಿಲ್ಲ, ಒಳಗೆ ಹೋಗಿ ಕೂತವು.