ಚಿಕ್ಕ ಸೊಸೆ ಬದಲಾದ ಎರಡನೇ ಭಾಗ

ಮೊನ್ನೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಏನೋ ಕೆಲಸಕ್ಕೆಂದು ಅವಸರವಾಗಿ ಹೋಗುತ್ತಿದ್ದೆ. ಕುರುಕಲು ತಿಂಡಿಯ ಅಂಗಡಿಯೊಂದರಿಂದ ಬೆಳ್ಳುಳ್ಳಿ, ಕರಿಬೇವು ಹಾಕಿ ಹುರಿದ ಹುರಿಗಾಳಿನ ವಾಸನೆ ಮೂಗಿಗೆ ಬಡಿಯಿತು. ಹೊರಟ ಕೆಲಸ ಮರೆತೇಹೋಯಿತು. ಒಂದು ಕಡೆ ನಿಲ್ಲುವ ಜಾಯಮಾನ ನನ್ನದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅವ್ವ ಬೈಯುತ್ತಿದ್ದಳು. ಅಂಥವಳು ಹಿಂದಿನಿಂದ ಸ್ಕೂಟರಿನವರು ಹಾರ್ನ್ ಹೊಡೆಯುತ್ತಿದ್ದರೂ ಕದಲದೆ ನಿಂತುಬಿಟ್ಟೆ. ನಾವು ಬಾಡಿಗೆಗಿದ್ದ ಮನೆಯ ಓನರಮ್ಮ ಸಿನಿಮಾಕ್ಕೆ ಹೊರಟರೆಂದರೆ ಸೆರಗಿನ ಮರೆಯಲ್ಲಿ ಇದೇ ಹುರಿಗಾಳಿನ ಡಬ್ಬಿ ಇರುತ್ತಿತ್ತು...

ನಾವು ರಾಯಚೂರು ಕಡೆಯವರು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಬೆಂಗಳೂರಿಗೆ ಬಂದು, ಓನರಮ್ಮನ ಸಾಲುಮನೆಗಳಲ್ಲಿ ಒಂದು ರೂಮು ಹಿಡಿದಿದ್ದೆ. ಅವರು ತಿಪ್ಪಸಂದ್ರದ ಹಳೇ ಊರಿನವರು. ರಾಗಿ ಹೊಲ ಸೈಟಾಗಿ, ಸೈಟು ಬಾಡಿಗೆಮನೆಯಾದ ಮೇಲೂ ಕೋಳಿ ಕೂಗುವ ಹೊತ್ತಿಗೆ ಎದ್ದು ಅಂಗಳ ಗುಡಿಸುವುದನ್ನು ಬಿಟ್ಟಿರಲಿಲ್ಲ. ಅದೇ ಕಾಂಪೌಂಡಿನಲ್ಲಿ ಪಕ್ಕದ ಮನೆ ಅವರ ಮೈದುನನದು. ಮೈದುನನ ಹೆಂಡತಿಯನ್ನು ಬಾಡಿಗೆಯವರೆಲ್ಲ ಚಿಕ್ಕಮ್ಮ ಎನ್ನುತ್ತಿದ್ದೆವು. ವಾರಗಿತ್ತಿಯರೆಂದರೆ ಹಾವು ಮುಂಗುಸಿ ಎನ್ನುತ್ತಾರೆ. ಇವರಿಬ್ಬರು ಒಂದೇ ತಟ್ಟೆಯಲ್ಲಿ ಕೈ ಹಾಕಿ ಉಣ್ಣುವವರು.

ನಾನು ಹಲಸೂರಿನ ಒಂದು ಟಾಕೀಸಿನಲ್ಲಿ ಹೆಂಗಸರ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದೆ. ತೊಂಬತ್ತರ ದಶಕದ ನಡುವೆ ಅಲ್ಲಿಗೆ ಒಂದು ಕೂಡುಕುಟುಂಬದ ಹಾಡಿನ ಸಿನಿಮಾ ಬಂತು. ಕಥೆ ಅಂಥದ್ದೇನಿಲ್ಲ. ತುಂಬಿದ ಮನೆ, ಮಾತು ಮಾತಿಗೆ ಹಾಡು, ಕೊನೆಯಲ್ಲಿ ಮದುವೆ. ಅದರಲ್ಲಿ ದೊಡ್ಡ ಸೊಸೆ ಚಿಕ್ಕ ಸೊಸೆಗೆ ಜಡೆ ಹೆಣೆಯುತ್ತಾ ಹಾಡುವ ಒಂದು ಹಾಡಿತ್ತು. ಆ ಹಾಡಿಗೋಸ್ಕರವೇ ಓನರಮ್ಮ, ಚಿಕ್ಕಮ್ಮ ಇಬ್ಬರೂ ಮತ್ತೆ ಮತ್ತೆ ಬಂದರು. ಕೌಂಟರಿನ ತೂತಿನಲ್ಲಿ ಮುಖ ಕಾಣುತ್ತಲೇ ನಾನು, "ಬಂದ್ರಪ್ಪ, ದೊಡ್ಡ ಸೊಸಿ, ಚಿಕ್ಕ ಸೊಸಿ" ಎಂದು ರೇಗಿಸುತ್ತಿದ್ದೆ. ಸಿನಿಮಾ ತಿಂಗಳುಗಟ್ಟಲೆ ಓಡಿತು.

ಆಮೇಲೆ ಇವರಿಬ್ಬರ ಗಂಡಂದಿರಾದ ಅಣ್ಣತಮ್ಮಂದಿರಿಗೆ ರಸ್ತೆಗೆ ತಾಗಿದ ಮುಂದಿನ ಸೈಟು ಯಾರಿಗೆಂಬ ಜಗಳ ಬಂತು. ಕೋರ್ಟಿಗೆ ಹೋದರು. ಅಂಗಳದ ಮಧ್ಯೆ ಆಳೆತ್ತರದ ಗೋಡೆ ಎದ್ದಿತು. ಗಂಡಸರು ತಮ್ಮ ಮಾತು ನಿಲ್ಲಿಸಿದ್ದಲ್ಲದೆ ಹೆಂಗಸರ ಮಾತನ್ನೂ ನಿಲ್ಲಿಸಿದರು. ನನಗೆ ಆ ಗೋಡೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಸೈಟು ಯಾರದಾದರೂ ಆಗಲಿ, ಇವರಿಬ್ಬರ ಬಾಯಿಗೆ ಯಾಕೆ ಬೀಗ?

ಹೀಗೆ ಕೆಲವು ವರ್ಷ ಕಳೆದ ಮೇಲೆ ಆ ಸಿನಿಮಾದ ಎರಡನೇ ಭಾಗ ಬರುವ ಸುದ್ದಿ ಬಂತು. ಹಬ್ಬಕ್ಕೆ ಅದನ್ನು ಹಾಕುವುದೋ, ಒಂದು ಹೊಡೆದಾಟದ ಸಿನಿಮಾ ಹಾಕುವುದೋ ಎಂದು ನಮ್ಮ ಮ್ಯಾನೇಜರಿಗೆ ತಲೆಬಿಸಿ. "ನಿಮ್ಮ ಏರಿಯಾ ಹೆಂಗಸ್ರು ಏನಂತಾರೆ, ಕೇಳ್ಕೊಂಡು ಬಾಮ್ಮಾ. ಬಿದ್ರೆ ಮಾತ್ರ ಕೌಂಟರಲ್ಲಿ ನೊಣ ಹೊಡೀತಾ ಕೂರೋಳು ನೀನೇ" ಎಂದರು. ನನಗೂ ಸಂಶಯವಿತ್ತು. ಹಾಡುಗಳೇನೋ ಕ್ಯಾಸೆಟ್ಟಿನಲ್ಲಿ ಚೆನ್ನಾಗಿದ್ದವು, ನಲ್ಲಿಯ ಹತ್ತಿರ ಬಿಂದಿಗೆ ಹಿಡಿದವರೆಲ್ಲ ಗುನುಗುತ್ತಿದ್ದರು. ಆದರೆ ಚಿಕ್ಕ ಸೊಸೆಯ ಪಾತ್ರಕ್ಕೆ ಬೇರೆ ನಟಿಯನ್ನು ಹಾಕಿದ್ದರು.

ಓನರಮ್ಮನನ್ನು ಕೇಳಿದೆ. ಒಂದು ಕ್ಷಣವೂ ಯೋಚಿಸಲಿಲ್ಲ.

"ಓಡುತ್ತೆ. ಎರಡ್ನೇ ಭಾಗ ಅಂದ್ರೆ ತವರುಮನೆಗೆ ಹೋದಂಗೆ ಕಣಮ್ಮಾ. ಎಲ್ಲಾ ಗೊತ್ತಿರೋ ಮುಖ. ಹೊಸದಾಗಿ ಪರಿಚಯ ಮಾಡ್ಕೋಬೇಕಾ?"

"ತವರಾಗ ಮುಖಾನೇ ಬದ್ಲಾಗಿದ್ರ ಯಾರು ಹೋಗ್ತಾರ್ರಿ ಅಮ್ಮಾ?"

ಅವರಿಗೆ ಆ ಮಾತು ಹಿಡಿಸಲಿಲ್ಲ. ಸ್ವಲ್ಪ ಹೊತ್ತು ಗೋಡೆಯನ್ನೇ ನೋಡುತ್ತಿದ್ದು, "ಒಂದ್ಸಲ ನೋಡಿ ಅಷ್ಟು ಆಸೆಪಟ್ಟೋರು ಬರ್ದೇ ಇರ್ತಾರಾ? ಬಂದೇ ಬರ್ತಾರೆ" ಎಂದರು. ಊರ ಹೆಂಗಸರ ಬಗ್ಗೆ ಹೇಳುತ್ತಿದ್ದಾರೆಂದು ನಾನು ತಿಳಿದೆ. ಮರುದಿನ ಹೋಗಿ ಮ್ಯಾನೇಜರಿಗೆ, ಓಡುತ್ತದೆ ಎಂದು ಖಡಾಖಂಡಿತವಾಗಿ ಹೇಳಿದೆ.

ಮೊದಲ ದಿನ ಹೆಂಗಸರು ಜಾತ್ರೆಯಂತೆ ನುಗ್ಗಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಟಿಕೆಟ್ ಮುಗಿದದ್ದೇ ತಡ, ಓಡಿಹೋಗಿ ಬಾಲ್ಕನಿಯ ಬಾಗಿಲಲ್ಲಿ ನಿಂತೆ. ಜಡೆಯ ಹಾಡು ಇದರಲ್ಲೂ ಇತ್ತು. ಹೊಸ ನಟಿ ಚೆಲುವೆಯೇ, ಕುಣಿಯುವುದೂ ಸೊಗಸು. ಆದರೂ ಕತ್ತಲಲ್ಲಿ ಯಾರೋ, "ಯಾರೇ ಇವ್ಳು?" ಎಂದರು. ಇನ್ಯಾರೋ ನಕ್ಕರು. ಸ್ವಲ್ಪ ಹೊತ್ತಿಗೆ ಹೆಂಗಸರು ಮನೆಯ ಹಿಟ್ಟು, ಗ್ಯಾಸು, ಮಕ್ಕಳ ಪರೀಕ್ಷೆ ಅಂತ ಮಾತಾಡತೊಡಗಿದರು. ತೆರೆಯ ಮೇಲಿನ ಸಂಸಾರ ಬಿಟ್ಟು ತಮ್ಮ ಸಂಸಾರದ ಮಾತು ತೆಗೆದರೆಂದರೆ ಆ ಸಿನಿಮಾದ ಕಥೆ ಮುಗಿದಂತೆಯೇ. ಮುಂದಿನ ವಾರ ನಾನು ನಿಜವಾಗಿಯೂ ನೊಣ ಹೊಡೆಯುತ್ತಾ ಕೂತೆ.

ಬರುತ್ತಿದ್ದವರು ಓನರಮ್ಮ ಒಬ್ಬರೇ. ಮನೆಯಲ್ಲಿ ಏನು ನೆಪ ಹೇಳುತ್ತಿದ್ದರೋ, ದಿನ ಬಿಟ್ಟು ದಿನ ಮ್ಯಾಟಿನಿಗೆ ಹಾಜರು. ಬಂದಾಗಲೆಲ್ಲ ಎರಡು ಟಿಕೆಟ್ ಕೇಳುತ್ತಿದ್ದರು.

"ಇನ್ನೊಂದು ಯಾರಿಗ್ರೀ?"

"ಕಾಲು ಚಾಚೋಕೆ."

ಖಾಲಿ ಬಾಲ್ಕನಿಯಲ್ಲಿ ಕಾಲು ಚಾಚಲು ಟಿಕೆಟ್ ಬೇಕೇ! ನಕ್ಕುಬಿಟ್ಟೆ. ನಗು ಮುಗಿಯುವ ಮೊದಲೇ, ಅವರು "ಬಂದೇ ಬರ್ತಾರೆ" ಎಂದದ್ದು ಯಾರ ಬಗ್ಗೆ ಎಂಬುದು ಹೊಳೆಯಿತು. ಕೇಳುವ ಹಾಗಿಲ್ಲ, ಕರೆಯುವ ಹಾಗಿಲ್ಲ. ಸಿನಿಮಾ ಊರಲ್ಲಿದ್ದರೆ ಇವತ್ತಲ್ಲ ನಾಳೆ ಚಿಕ್ಕಮ್ಮ ಬಂದಾರೆಂಬ ಒಂದೇ ಆಸೆ. ಮ್ಯಾನೇಜರ ಹತ್ತಿರ ಹೋಗಿ, "ಇನ್ನೊಂದು ವಾರ ಇಡ್ರಿ ಸರ್" ಎಂದು ಗೋಗರೆದೆ. "ಖಾಲಿ ಕುರ್ಚಿಗೆ ಹಾಡು ತೋರಿಸ್ಲೇನಮ್ಮಾ? ಗುರುವಾರಕ್ಕೆ ಎತ್ತಿಬಿಡ್ತೀನಿ" ಎಂದರು.

ಸಂಜೆ ಮನೆಗೆ ಬಂದು ಓನರಮ್ಮನಿಗೆ ಮೆಲ್ಲಗೆ ಹೇಳಿದೆ. ಅವರು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಗೋಡೆಯ ಪಕ್ಕದಲ್ಲಿ ನಿಲ್ಲಿಸಿದರು.

"ಏನಂದೆ? ಜೋರಾಗಿ ಹೇಳಮ್ಮಾ, ನಂಗೆ ಕಿವಿ ಮಂದ."

ಪಾತ್ರೆ ಬಿದ್ದರೆ ಮೂರನೇ ಮನೆಯಲ್ಲಿ ಯಾವ ಪಾತ್ರೆ ಎಂದು ಹೇಳುವ ಕಿವಿ ಅವರದು! ನಾನೂ ಗಂಟಲು ಹರಿಯುವಂತೆ, "ಗುರುವಾರ ಕಡೀ ದಿನ ಅಂತ್ರೀ! ಮ್ಯಾಟಿನಿಗೆ ಹೋಗ್ತೀರೇನ್ರಿ?" ಎಂದು ಕೂಗಿದೆ. "ಹೂಂ, ಮ್ಯಾಟಿನಿಗೆ!" ಎಂದು ಅವರೂ ಅಷ್ಟೇ ಜೋರಾಗಿ ಕೂಗಿದರು. ಗೋಡೆಯ ಆಚೆ ಬಟ್ಟೆ ಒಗೆಯುವ ಸದ್ದು ನಿಂತಿತು. ಮತ್ತೆ ಶುರುವಾಯಿತು.

ಗುರುವಾರ ಓನರಮ್ಮ ಬೇಗನೆ ಬಂದು ಎರಡು ಟಿಕೆಟ್ ಕೊಂಡು ಒಳಗೆ ಹೋದರು. ನಾನು ಕೂತೆ, ಎದ್ದೆ, ಗೇಟಿನವರೆಗೆ ಹೋಗಿಬಂದೆ. ಬೆಲ್ ಹೊಡೆಯಿತು. ಒಳಗೆ ತೆರೆಯ ಮೇಲೆ ಹೆಸರುಗಳು ಬೀಳತೊಡಗಿದವು. ಇನ್ನು ಕೌಂಟರ್ ಮುಚ್ಚಬೇಕು ಎನ್ನುವಾಗ ತೂತಿನಲ್ಲಿ ಹಸಿರು ಬಳೆಯ ಕೈಯೊಂದು ದುಡ್ಡು ಹಿಡಿದುಕೊಂಡು ಬಂತು.

"ಒಂದು ಬಾಲ್ಕನಿ."

ಬಗ್ಗಿ ನೋಡಿದೆ. ಚಿಕ್ಕಮ್ಮ. ಮುಖದ ತುಂಬ ಬೆವರು.

"ನಿಮ್ಮ ಟಿಕೆಟ್ ಆಗ್ಲೇ ತಗೊಂಡಾರ್ರಿ, ಒಳಗ ಹೋಗ್ರಿ" ಎಂದೆ. ಅವರು ಮುಂದೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಮರೆತು ನಿಂತಿದ್ದರು.

ನಾನು ಅವರ ಹಿಂದೆಯೇ ಹೋಗಿ ಬಾಗಿಲ ಪಕ್ಕ ನಿಂತೆ. ಚಿಕ್ಕಮ್ಮ ಹೋಗಿ ಕೂತರು. ಓನರಮ್ಮ ತಿರುಗಿ ನೋಡಲಿಲ್ಲ, ಡಬ್ಬಿಯ ಮುಚ್ಚಳ ತೆಗೆದು ಪಕ್ಕಕ್ಕೆ ಹಿಡಿದರು. ಇಬ್ಬರೂ ಒಂದೇ ಡಬ್ಬಿಗೆ ಕೈ ಹಾಕಿ ಹುರಿಗಾಳು ತಿನ್ನತೊಡಗಿದರು. ಕೊನೆಗೆ ಜಡೆಯ ಹಾಡು ಬಂತು.

"ಇವ್ಳ್ಯಾರಕ್ಕಾ?"

"ಚಿಕ್ಕ ಸೊಸೆಯಂತೆ."

"ಥೂ, ನನ್ನಂಗೆ ಎಲ್ಲಿ ಅವ್ಳೆ ಇವ್ಳು!"

"ಅದಕ್ಕೇ ಕಣೇ, ಓಡ್ಲಿಲ್ಲ."

ಅವರಿಬ್ಬರೂ ನಕ್ಕ ನಗು ಖಾಲಿ ಬಾಲ್ಕನಿಯಲ್ಲಿ ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ ಕೆಳಗೆ ಕೂತಿದ್ದವರು ತಲೆ ಎತ್ತಿ ನೋಡಿದರು.

ಗೋಡೆಯೇನೂ ಬೀಳಲಿಲ್ಲ, ಕೇಸೂ ಮುಗಿಯಲಿಲ್ಲ. ಬೀದಿಯಲ್ಲಿ ಎದುರಾದರೆ ಆಮೇಲೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಆದರೆ ಸಿನಿಮಾ ಬದಲಾದಾಗಲೆಲ್ಲ ಬೇರೆ ಬೇರೆ ಆಟೋದಲ್ಲಿ ಬಂದು ಅಕ್ಕಪಕ್ಕ ಕೂರುತ್ತಿದ್ದರು. ಅಲ್ಲಿಂದಾಚೆಗೆ ಓನರಮ್ಮನ ಭವಿಷ್ಯವಾಣಿ ಯಾವ ಕೆಲಸಕ್ಕೂ ಬಾರದಂತಾಯಿತು. ಯಾವ ಸಿನಿಮಾ ಕೇಳಿದರೂ "ಓಡುತ್ತೆ" ಎನ್ನುವರು. ಮ್ಯಾನೇಜರು ಕೇಳುವುದನ್ನೇ ಬಿಟ್ಟರು. ಕೆಲವು ವರ್ಷಕ್ಕೆ ಟಾಕೀಸನ್ನೂ ಕೆಡವಿದರು. ನಾವು ಕೆ.ಆರ್. ಪುರದ ಕಡೆ ಮನೆ ಮಾಡಿದೆವು...

ಹೋದ ವರ್ಷ ಓನರಮ್ಮ ತೀರಿಕೊಂಡರು. ಸುದ್ದಿ ತಿಳಿದು ಹೋದೆ. ಗೋಡೆಯ ಈಚೆ ಜನ ತುಂಬಿದ್ದರು. ಆಚೆಯ ಮನೆಯ ಬಾಗಿಲು ಹಾಕಿತ್ತು. ಹೊರಡುವಾಗ ಚಿಕ್ಕಮ್ಮ ತಮ್ಮ ಗೇಟಿನ ಸಂದಿಯಿಂದ ನನ್ನನ್ನು ಕರೆದರು. ತಲೆಯೆಲ್ಲ ಬೆಳ್ಳಗಾಗಿತ್ತು.

"ಆ ಟಾಕೀಸು ಇಲ್ಲ ಅಲ್ವೇನಮ್ಮಾ ಈಗ?"

"ಕೆಡವಿ ಭಾಳ ವರ್ಷ ಆತ್ರಿ ಚಿಕ್ಕಮ್ಮ."

"ಇದ್ದಿದ್ರೆ ಹೋಗಿ ಕತ್ಲಲ್ಲಿ ಕೂತ್ಕೊಂಡು ಒಂದಿಷ್ಟು ಅತ್ಬಿಟ್ಟು ಬರ್ತಿದ್ದೆ. ಇಲ್ಲಿ ಅಳೋಂಗಿಲ್ಲ."

ಒಳಗಿನಿಂದ ಯಾರೋ ಗಂಡಸು ಕೆಮ್ಮಿದ್ದು ಕೇಳಿ ಅವರು ಒಳಗೆ ಹೋದರು. ಮಾರ್ಕೆಟ್ ರಸ್ತೆಗೆ ಬರುವವರೆಗೂ ನಾನು ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ. ಜನ ನೋಡುತ್ತಿದ್ದರೂ, ಅವರ ಪಾಲಿನದನ್ನೂ ಸೇರಿಸಿ ನಾನೇ ಅತ್ತೆ.