ಏವಿಸ್ ಟ್ಯಾಲೆಂಟೈರ್ ತನ್ನ ಮುದಿ ತಟ್ಟುವಿಗೆ ಹೊದಿಕೆ ಕೊಂಡದ್ದು

ಗಾರ್ಸೈಡ್ ಮೇಷ್ಟ್ರು ಲೀಡ್ಸ್ ನಗರವನ್ನು ಬಿಟ್ಟು ಹೌಗಿಲ್ ಬೆಟ್ಟದಡಿಯ ಶಾಲೆಗೆ ಆಗಷ್ಟೇ ಬಂದಿದ್ದರು. ಒಂದು ಬೆಳಗ್ಗೆ ತಮ್ಮ ನುಣ್ಣನೆ ಮೈಯ ಹೆಣ್ಣುಕುದುರೆಗೆ ಚಳಿಯ ಹೊದಿಕೆ ಕಟ್ಟುತ್ತಿದ್ದಾಗ, ಕಲ್ಲುಗೋಡೆಯ ಆಚೆ ಅಂಚೆಚೀಲ ಹೊತ್ತ ಹೆಂಗಸೊಬ್ಬಳು ನಿಂತು ನೋಡುತ್ತಿದ್ದಳು.

“ಯಾಕೆ ಮೇಷ್ಟ್ರೇ, ಅದಕ್ಕೆ ಜ್ವರಾನಾ? ಇಲ್ಲಾ, ರಾತ್ರಿ ಹಾಕಿದ ಅಂಗಿ ಬಿಚ್ಚೋಕೆ ಮರೆತ್ರಾ?”

ಆಕೆಯೇ ಏವಿಸ್ ಟ್ಯಾಲೆಂಟೈರ್. ಆ ಕಣಿವೆಯ ಮನೆಮನೆಗೂ ಕಾಗದ ಹಂಚುವುದು ಅವಳ ಕೆಲಸ. ಹಿಮ ಬಿದ್ದು ಅಂಚೆಯ ವ್ಯಾನು ಮೇಲೇರಲಾರದ ದಿನಗಳಲ್ಲಿ ರೂಕ್ ಎಂಬ ತನ್ನ ಕರಿಯ ತಟ್ಟುವಿನ, ಅಂದರೆ ಗಿಡ್ಡ ಜಾತಿಯ ಕುದುರೆಯ, ಬೆನ್ನಿಗೆ ಚೀಲ ಕಟ್ಟಿ ಹೊರಡುತ್ತಿದ್ದಳು. ಬೆಟ್ಟದ ತಟ್ಟುಗಳಿಗೆ ಹೊದಿಕೆ ಹಾಕುವ ವಾಡಿಕೆ ಅಲ್ಲಿಲ್ಲ. ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಹಾಗೆಯೇ ಕೂತರೆ, ಮೈಯ ಬಿಸಿ ಒಳಗೇ ಉಳಿದಿದೆ, ಕೂದಲು ತನ್ನ ಕೆಲಸ ಮಾಡುತ್ತಿದೆ ಎಂದು ಅರ್ಥ. ಹೊದಿಕೆ ಹಾಕುವುದೆಂದರೆ ತಟ್ಟು ಕೆಲಸಕ್ಕೆ ಬಾರದೆಂದು ಊರಿಗೆಲ್ಲ ಸಾರಿದಂತೆ. ಏವಿಸ್ ಹುಟ್ಟಿದಾಗಿನಿಂದ ಇದನ್ನೇ ನಂಬಿದವಳು.

ವರ್ಷಗಳು ಕಳೆದವು. ಅವಳು ಕೆಲಸದಿಂದ ನಿವೃತ್ತಳಾದಳು, ರೂಕ್ ಮುದಿಯಾಯಿತು. ಒಂದು ಡಿಸೆಂಬರಿನಲ್ಲಿ ಮೊದಲ ಹಿಮ ಬಿದ್ದ ಬೆಳಗ್ಗೆ ಅವಳು ಹುಲ್ಲುಗಾವಲಿನ ಗೇಟಿನ ಬಳಿ ನಿಂತು ನೋಡಿದಳು. ಉಳಿದ ತಟ್ಟುಗಳ ಬೆನ್ನು ಬೆಳ್ಳಗಿತ್ತು. ರೂಕ್‌ನ ಬೆನ್ನು ಮಾತ್ರ ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿತ್ತು. ಅದರ ಬಿಸಿಯೆಲ್ಲ ಗಾಳಿಗೆ ಹೋಗುತ್ತಿದೆ, ಹೀಗೇ ಬಿಟ್ಟರೆ ಅದು ಈ ಚಳಿಗಾಲವನ್ನು ದಾಟುವುದಿಲ್ಲ ಎಂಬುದು ಅವಳಿಗೆ ಯಾರೂ ಹೇಳದೆಯೇ ತಿಳಿಯಿತು.

ಆ ಮಧ್ಯಾಹ್ನ ಹುಲ್ಲಿನ ಹೊರೆ ಕಟ್ಟುವ ದಾರವನ್ನು ರೂಕ್‌ನ ಎದೆಯ ನಡುವಿನಿಂದ ಬಾಲದ ಬುಡದವರೆಗೆ ಹಿಡಿದು ಅಳತೆಗೆ ಗಂಟು ಹಾಕಿಕೊಂಡಳು. ಮೇಷ್ಟ್ರ ಕಾರಿನಲ್ಲಿ ಕಿರ್ಕ್‌ಬಿ ಸ್ಟೀಫನ್ ಪೇಟೆಯಲ್ಲಿದ್ದ ರೈತರ ಸಾಮಾನಿನ ಅಂಗಡಿಗೆ ಹೋದಳು. ಹಳೆಯ ಮಾತನ್ನು ಮೇಷ್ಟ್ರು ಎತ್ತಲಿಲ್ಲ. ಅಂಗಡಿಯವಳು ದಾರವನ್ನು ಅಳೆದು, ಮೂರು ಬಗೆಯ ಹೊದಿಕೆಗಳನ್ನು ಹರಡಿದಳು: ಒಳಗೆ ಏನೂ ತುಂಬದ, ಬರೀ ಮಳೆ ತಡೆಯುವುದು, ನಡುಮಟ್ಟದ್ದು, ಕಂಬಳಿಯಷ್ಟು ದಪ್ಪದ್ದು. ರೂಕ್‌ನ ಮೈಮೇಲೆ ಇನ್ನೂ ಕೂದಲಿದೆ, ನಡುಮಟ್ಟದ್ದು ಸಾಕಾದೀತು ಎಂದು ಮೇಷ್ಟ್ರು ಸೂಚಿಸಿದರು.

“ನನಗೇ ಎರಡು ಸ್ವೆಟರ್ ಸಾಲ್ತಿಲ್ಲ ಮೇಷ್ಟ್ರೇ. ಅವನಿಗೆ ಅರೆಬರೆ ಯಾಕೆ?” ಎಂದು ಏವಿಸ್ ದಪ್ಪದ್ದನ್ನೇ ಎತ್ತಿಕೊಂಡಳು. ಬಣ್ಣ ಮಾತ್ರ ರಸ್ತೆಯಿಂದ ನೋಡಿದವರಿಗೆ ಕಾಣದ ಹಾಗಿರಲಿ ಎಂದು ಕೇಳಿದಳು.

ಅಂದಿನಿಂದ ದಿನವೂ ಹೋಗಿ ರೂಕ್‌ನ ಕಿವಿ ಮುಟ್ಟಿ ನೋಡುವಳು. ಕಿವಿ ಬೆಚ್ಚಗಿರುತ್ತಿತ್ತು. ನೆಮ್ಮದಿಯಿಂದ ಮನೆಗೆ ಬರುವಳು. ಕೆಲವು ವಾರಗಳಾದ ಮೇಲೆ ಹೊಟ್ಟೆಯ ಕೆಳಗಿನ ಪಟ್ಟಿ ಜೋಲುವುದು ಕಂಡಿತು. ಹೊಸ ಪಟ್ಟಿ, ಹಿಗ್ಗಿದೆ ಎಂದು ಬಿಗಿ ಮಾಡಿದಳು. ಮತ್ತೆ ಜೋತುಬಿತ್ತು, ಮತ್ತೆ ಬಿಗಿದಳು. ಅಂಗಡಿಯವಳನ್ನು ಒಂದಿಷ್ಟು ಬೈದುಕೊಂಡಳು.

ಗೊರಸು ತಿದ್ದಲು ಬಂದ ಜಾಸ್ ಆಲ್ಡರ್ಸನ್ ಅವಳೊಡನೆ ಓದಿದವನು. ಅವನೆದುರೂ ಪಟ್ಟಿಯ ದೂರು ಹೇಳಿದಳು.

ಅವನು ಬಗ್ಗಿದವನು ತಲೆ ಎತ್ತಿದ. “ನೈಲಾನ್ ಪಟ್ಟಿ ಎಲ್ಲಾದ್ರೂ ಹಿಗ್ಗುತ್ತೇನೇ ಏವಿಸ್? ಪಟ್ಟಿ ಹಾಗೇ ಇದೆ. ಕಮ್ಮಿ ಆಗಿರೋದು ಇವನು. ಬಿಚ್ಚು, ನೋಡೋಣ.”

ಹೊದಿಕೆ ತೆಗೆದಾಗ ಬೆವರಿನ ಹುಳಿವಾಸನೆ ಎದ್ದಿತು. ಕೂದಲು ತೇವವಾಗಿ ಮೈಗಂಟಿಕೊಂಡಿತ್ತು. ಅದರಡಿ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಇಷ್ಟು ದಿನ ಕೈಯನ್ನು ಒಳಗೆ ಹಾಕಿ ನೋಡದೆ ಬರೀ ಕಿವಿ ಮುಟ್ಟಿ ಬಂದೆನಲ್ಲ ಎಂದುಕೊಳ್ಳುತ್ತಾ ಏವಿಸ್ ಆ ಪಕ್ಕೆಗಳ ಮೇಲೆ ಕೈಯಾಡಿಸಿದಳು. ಜಾಸ್ ರೂಕ್‌ನ ಬಾಯಿ ತೆರೆದು ನೋಡಿದ. ದವಡೆ ಹಲ್ಲುಗಳು ಸವೆದುಹೋಗಿದ್ದವು. ಅಗಿಯಲಾರದೆ ಉಗುಳಿದ ಹುಲ್ಲಿನ ಉಂಡೆಗಳು ಗೋಡೆಯ ಬುಡದಲ್ಲಿ ಬಿದ್ದಿದ್ದವು.

“ಬದುಕ್ತಾನಾ ಜಾಸ್?”

“ಮೇ ತಿಂಗಳ ಎಳೇ ಹುಲ್ಲು ಮುಟ್ಟಿದ್ರೆ ಬದುಕ್ತಾನೆ. ಅಲ್ಲೀತನಕ ಅಗಿಯೋ ಕೆಲಸ ನೀನು ಮಾಡಿಕೊಡ್ಬೇಕು. ನೆನೆಸಿ ಮೆತ್ತಗಾದ ಮೇವೇ ಕೊಡು. ಈ ಹಾಸಿಗೆಯಂಥ ಹೊದಿಕೇನ ಮೊದಲು ಆಚೆಗೆ ಹಾಕು.”

ಮಾರನೆಯ ದಿನ ಅವಳು ಒಬ್ಬಳೇ ಬಸ್ಸು ಹಿಡಿದು ಪೇಟೆಗೆ ಹೋದಳು. ನಡುಮಟ್ಟದ್ದರಲ್ಲಿ ಕೊರಳ ಭಾಗ ಎತ್ತರವಾಗಿ ಹೊಲಿದಿದ್ದು, ಹೆಗಲಿನ ಏರನ್ನು ಉಜ್ಜದಂಥದ್ದನ್ನು ಆರಿಸಿದಳು. ಅಂಗಡಿಯಲ್ಲೇ ಅದರ ಒಳಗೆ ತೋಳು ತೂರಿಸಿ, ಪಟ್ಟಿಗಳನ್ನು ಬಿಚ್ಚಿ ಕಟ್ಟಿ ನೋಡಿದಳು. ಚಳಿಗೆ ಮರಗಟ್ಟಿದ ಬೆರಳುಗಳಿಂದಲೂ ಬಿಚ್ಚಲು ಬರಬೇಕು, ಇಲ್ಲವಾದರೆ ದಿನವೂ ತೆಗೆಯಲು ತನಗೇ ಸೋಮಾರಿತನ ಬಂದೀತು ಎಂಬುದು ಅವಳ ಲೆಕ್ಕ. ಬಣ್ಣದ ಮಾತು ಬರಲಿಲ್ಲ. ಸಿಕ್ಕಿದ್ದು ಕೆಂಪು.

ರೂಕ್ ಮೇ ತಿಂಗಳ ಹುಲ್ಲನ್ನು ಮುಟ್ಟಿತು. ಅಷ್ಟೇನೂ ಮೈ ತುಂಬಲಿಲ್ಲ, ಆದರೆ ಪಕ್ಕೆ ಮುಚ್ಚಿಕೊಂಡಿತು.

ಈಗ ಮತ್ತೆ ಚಳಿಗಾಲ. ಏವಿಸ್ ದಿನವೂ ಬೆಳಗ್ಗೆ ಹೊದಿಕೆಯನ್ನು ಪೂರ್ತಿ ತೆಗೆದು ಗೋಡೆಯ ಮೇಲೆ ಹಾಕುತ್ತಾಳೆ. ಕೈಗವಸು ಕಳಚಿ ರೂಕ್‌ನ ಪಕ್ಕೆಗಳನ್ನು ಒಂದೊಂದಾಗಿ ತಡವುತ್ತಾಳೆ. ಬಿಸಿಲಿದ್ದರೆ ಮಧ್ಯಾಹ್ನದವರೆಗೂ ಬರಿಮೈಯಲ್ಲೇ ಬಿಡುತ್ತಾಳೆ. ನೆನೆಸಿದ ಬೀಟ್ ಗೆಡ್ಡೆಯ ತಿರುಳಿನ ಬಕೆಟ್ಟನ್ನು ಅದರ ಮುಂದಿಟ್ಟು, ಬಾಯಿ ಹಾಕಲು ಬರುವ ಎಳೆಯ ತಟ್ಟುಗಳನ್ನು ಕೋಲಿನಿಂದ ಅಟ್ಟುತ್ತಾ, ಅದು ನಿಧಾನವಾಗಿ ತಿಂದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿರುತ್ತಾಳೆ.